ಬೆಕ್ಕಿನ ಲೇಸರ್ ಹಿಡಿದು ಫೋಟಾನಿನ ಲೆಕ್ಕ

ನಮ್ಮನೆ ಬೆಕ್ಕು ಲೇಸರ್‌ನ ಕೆಂಪು ಚುಕ್ಕಿ ಹಿಂದೆ ಓಡ್ತಿತ್ತು. ಸೆಕೆಂಡ್ ಪಿಯು ಓದೋ ಅಕ್ಕನ ಮಗಳು ಕೇಳಿದಳು: "ಮಾವ, ಆ ಚುಕ್ಕಿಗೆ ತೂಕ ಇದೆಯಾ?"

ಬೆಳಕು ಫೋಟಾನ್ ಅನ್ನೋ ಪುಟ್ಟ ಕಣಗಳಾಗಿ ಬರುತ್ತದೆ. ಫೋಟಾನಿನ ರೆಸ್ಟ್ ಮಾಸ್ (ನಿಶ್ಚಲ ಸ್ಥಿತಿಯ ದ್ರವ್ಯರಾಶಿ) ಸೊನ್ನೆ. ಆದರೆ ಅದರಲ್ಲಿ ಶಕ್ತಿ ಇದೆ. ಆ ಶಕ್ತಿ ಎಷ್ಟು ದ್ರವ್ಯರಾಶಿಗೆ ಸಮ ಅಂತ ಐನ್‌ಸ್ಟೈನ್‌ನ E = mc² ಸೂತ್ರದಿಂದ ಲೆಕ್ಕ ಹಾಕಬಹುದು: ಶಕ್ತಿಯನ್ನು ಬೆಳಕಿನ ವೇಗದ ವರ್ಗದಿಂದ ಭಾಗಿಸಿದರಾಯಿತು. ಇಲ್ಲಿ ಹುಡುಕೋದು ಅದನ್ನೇ.

ಲೇಸರ್ ಮೈಮೇಲಿನ ಚೀಟಿ ನೋಡಿ. ನಮ್ಮದರಲ್ಲಿ 650 ನ್ಯಾನೋಮೀಟರ್ (ಬೆಳಕಿನ ತರಂಗಾಂತರ), 1 ಮಿಲಿವ್ಯಾಟ್ ಅಂತ ಇತ್ತು. 1240 ಅನ್ನು 650ರಿಂದ ಭಾಗಿಸಿ. 1.91 ಬರುತ್ತದೆ. ಇದು ಎಲೆಕ್ಟ್ರಾನ್ ವೋಲ್ಟ್ ಅನ್ನೋ ಶಕ್ತಿಯ ಪುಟ್ಟ ಅಳತೆಯಲ್ಲಿ ಒಂದು ಫೋಟಾನಿನ ಶಕ್ತಿ. 1240 ಎಲ್ಲಿಂದ ಬಂತು? ಪ್ಲಾಂಕ್ ಸ್ಥಿರಾಂಕವನ್ನು ಬೆಳಕಿನ ವೇಗದಿಂದ ಗುಣಿಸಿ, ಎಲೆಕ್ಟ್ರಾನ್ ವೋಲ್ಟ್ ಮತ್ತು ನ್ಯಾನೋಮೀಟರ್‌ಗೆ ಬದಲಾಯಿಸಿದರೆ ಅಷ್ಟಾಗುತ್ತದೆ. ಇದೊಂದನ್ನು ಬಾಯಿಪಾಠ ಮಾಡಿಟ್ಟುಕೊಂಡರೆ ಅರ್ಧ ಕೆಲಸ ಮುಗೀತು.

ಈಗ ಇದನ್ನು ಜೂಲ್‌ಗೆ ಬದಲಾಯಿಸೋಕೆ 1.91 ಅನ್ನು 1.602 × 10⁻¹⁹ರಿಂದ ಗುಣಿಸಿ: 3.06 × 10⁻¹⁹ ಜೂಲ್. ಇದನ್ನು ಬೆಳಕಿನ ವೇಗದ ವರ್ಗದಿಂದ, ಅಂದರೆ 9 × 10¹⁶ರಿಂದ ಭಾಗಿಸಿ. ಸಿಕ್ಕಿದ್ದು 3.4 × 10⁻³⁶ ಕಿಲೋಗ್ರಾಂ.

ವರ್ಗ ಮಾಡೋದನ್ನು ಮರೀಬೇಡಿ. ನಾನು ಓದುವಾಗ ಪರೀಕ್ಷೆಯಲ್ಲಿ ಸುಮ್ನೆ ವೇಗದಿಂದ ಭಾಗಿಸಿ ಬಂದಿದ್ದೆ. ಸಿಕ್ಕ ಉತ್ತರ ತಪ್ಪೂ ಅಲ್ಲ, ಅದು ಫೋಟಾನಿನ ಸಂವೇಗ. ಆದರೆ ಕೇಳಿದ್ದು ಅದಲ್ಲವಲ್ಲ! ಅಂಕ ಹೋಯಿತು.

ಅಷ್ಟು ಸೊನ್ನೆಗಳು ಯಾರ ತಲೆಗೂ ಹತ್ತಲ್ಲ. ಅದಕ್ಕೆ ಎಲೆಕ್ಟ್ರಾನ್ ಜೊತೆ ಹೋಲಿಸಿ. ಒಂದು ಎಲೆಕ್ಟ್ರಾನಿನ ದ್ರವ್ಯರಾಶಿಗೆ ಸಮನಾದ ಶಕ್ತಿ 5,11,000 ಎಲೆಕ್ಟ್ರಾನ್ ವೋಲ್ಟ್. ಅದನ್ನು 1.91ರಿಂದ ಭಾಗಿಸಿದರೆ ಸುಮಾರು 2.68 ಲಕ್ಷ. ಅಷ್ಟು ಕೆಂಪು ಫೋಟಾನ್ ಸೇರಿದರೆ ಒಂದು ಎಲೆಕ್ಟ್ರಾನಿಗೆ ಸಮ.

"ಹಾಗಾದ್ರೆ ಲೇಸರ್ ಆನ್ ಇಟ್ಟರೆ ಅದರ ತೂಕ ಕಡಿಮೆ ಆಗುತ್ತಾ?" ಅಂದಳು. ಆಗುತ್ತೆ! 1 ಮಿಲಿವ್ಯಾಟ್ ಅಂದರೆ ಗಂಟೆಗೆ 3.6 ಜೂಲ್ ಬೆಳಕು. ಅದೇ 9 × 10¹⁶ರಿಂದ ಭಾಗಿಸಿ: 4 × 10⁻¹⁷ ಕಿಲೋಗ್ರಾಂ. ಬಿಸಿಯಾಗಿ ಹೊರಗೆ ಹೋಗೋದು ಬೇರೆ ಲೆಕ್ಕ. ಯಾವ ಅಕ್ಕಸಾಲಿಗನ ತಕ್ಕಡಿಗೂ ಇದು ಸಿಗಲ್ಲ ಬಿಡಿ.

ಉಲ್ಟಾ ಕೂಡ ಮಾಡಿ ನೋಡಿ. ಒಂದೇ ಫೋಟಾನ್ ಇಡೀ ಎಲೆಕ್ಟ್ರಾನಿಗೆ ಸಮ ಆಗಬೇಕಾದರೆ ತರಂಗಾಂತರ ಎಷ್ಟಿರಬೇಕು? 1240 ಅನ್ನು 5,11,000ದಿಂದ ಭಾಗಿಸಿದರೆ 0.00243 ನ್ಯಾನೋಮೀಟರ್. ಅದು ಗಾಮಾ ಕಿರಣ. ಆಸ್ಪತ್ರೆಯಲ್ಲಿ ದೇಹದ ಒಳಗನ್ನು ನೋಡೋ ಪೆಟ್ ಸ್ಕ್ಯಾನ್‌ನಲ್ಲಿ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ (ಎಲೆಕ್ಟ್ರಾನಿನಂಥದ್ದೇ, ಆದರೆ ಧನ ವಿದ್ಯುದಂಶದ ಕಣ) ಸೇರಿ ಮಾಯವಾದಾಗ ಹೊರಡೋ ಎರಡು ಫೋಟಾನ್‌ಗಳು ಇವೇ.