ಇಂಗ್ಲೆಂಡಿನ ಪ್ರೈಮರಿ ಶಾಲೆ: ಮಂಗಳೂರು, ಉಡುಪಿ ಕಡೆಯಿಂದ ಬಂದ ಮನೆಯವರಿಗೆ

ಮೊದಲ ಗೊಂದಲ ಕ್ಲಾಸಿನದ್ದು. ಮಗು ಊರಲ್ಲಿ ಎಷ್ಟನೇ ಕ್ಲಾಸಿನಲ್ಲಿತ್ತು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ, ಹುಟ್ಟಿದ ತಾರೀಕು ನೋಡುತ್ತಾರೆ. ಆಗಸ್ಟ್ 31ಕ್ಕೆ ನಾಲ್ಕು ತುಂಬಿದ್ದರೆ ಸೆಪ್ಟೆಂಬರಿನಲ್ಲಿ ರಿಸೆಪ್ಷನ್ (ಇಯರ್ 1ಕ್ಕಿಂತ ಮೊದಲಿನ ತರಗತಿ), ಐದಾದರೆ ಇಯರ್ 1, ಆರಾದರೆ ಇಯರ್ 2. ಉಡುಪಿಯಲ್ಲಿ ಒಂದನೇ ಕ್ಲಾಸಿಗೆ ಹೋಗುತ್ತಿದ್ದ ಆರು ವರ್ಷದ ಮಗು ಇಲ್ಲಿ ಇಯರ್ 2ರಲ್ಲಿ ಕೂರುತ್ತದೆ. ಗಾಬರಿ ಬೇಡ.

ರಿಸೆಪ್ಷನ್‌ಗೆ ಜನವರಿ 15ರೊಳಗೆ ನೀವಿರುವ ಜಾಗದ ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೆ ಅರ್ಜಿ ಹಾಕಬೇಕು, ಏಪ್ರಿಲ್ 16ಕ್ಕೆ ಉತ್ತರ ಬರುತ್ತದೆ. ವರ್ಷದ ನಡುವೆ ಬಂದವರದ್ದು ಇನ್-ಇಯರ್ ಅರ್ಜಿ. ಇಯರ್ 2ರ ವರೆಗೆ ಒಬ್ಬ ಟೀಚರಿಗೆ 30ಕ್ಕಿಂತ ಹೆಚ್ಚು ಮಕ್ಕಳು ಇರುವಂತಿಲ್ಲ, ಹಾಗಾಗಿ ಮನೆ ಎದುರಿನ ಶಾಲೆಯಲ್ಲೇ ಜಾಗ ಸಿಗದೆ ಹೋಗಬಹುದು. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಎಲ್ಲಿ ಜಾಗ ಇದೆ ಎಂದು ಕೌನ್ಸಿಲ್‌ನಲ್ಲಿ ವಿಚಾರಿಸಿ.

ಹೆಚ್ಚಿನ ಅಪ್ಪ ಅಮ್ಮಂದಿರು ಎಡವುವುದು ಅಕ್ಷರಗಳ ಸದ್ದು ಕೂಡಿಸಿ ಓದಿಸುವ ವಿಧಾನವಾದ ಫೋನಿಕ್ಸ್‌ನಲ್ಲಿ. ನಾವು ಕಲಿತದ್ದು 'ಎಸ್, ಎ, ಟಿ, ಸ್ಯಾಟ್'. ಇಲ್ಲಿ ಮೊದಲು ಅಕ್ಷರದ ಹೆಸರಲ್ಲ, ಸದ್ದು: ಸ್, ಆ್ಯ, ಟ್. ಮನೆಯಲ್ಲಿ ಹೇಳಿಕೊಡುವಾಗ ನಾವು 'ಸ', 'ಟ' ಎಂದು ಕೊನೆಗೊಂದು 'ಅ' ಸೇರಿಸಿಬಿಡುತ್ತೇವೆ. ಆಗ ಮಗು ಕೂಡಿಸಿದರೆ 'ಸ-ಆ್ಯ-ಟ' ಆಗುತ್ತದೆ, ಪದ ಹುಟ್ಟುವುದೇ ಇಲ್ಲ. ನಮ್ಮ ಅರ್ಧಾಕ್ಷರ ನೆನಪಿಟ್ಟುಕೊಳ್ಳಿ: 'ಸ' ಅಲ್ಲ, 'ಸ್'. ಕನ್ನಡ ಬರೆಯಲು ಬಲ್ಲವರಿಗೆ ಇದು ಸುಲಭ. ಇಯರ್ 1ರ ಜೂನ್‌ನಲ್ಲಿ 40 ಪದಗಳ ಫೋನಿಕ್ಸ್ ಪರೀಕ್ಷೆ ಇರುತ್ತದೆ, ಅದರಲ್ಲಿ ಅರ್ಧದಷ್ಟು ಅರ್ಥವಿಲ್ಲದ ಪದಗಳು. ಮಗು ಸದ್ದು ಕೂಡಿಸಿ ಓದುತ್ತದೆಯೋ, ಬಾಯಿಪಾಠ ಒಪ್ಪಿಸುತ್ತದೆಯೋ ಎಂದು ತಿಳಿಯುವುದಕ್ಕೇ ಹಾಗೆ ಇಟ್ಟಿದ್ದಾರೆ. ಮನೆಯಲ್ಲಿ ತುಳುವೋ ಕನ್ನಡವೋ ಮಾತಾಡುವುದನ್ನು ಮಾತ್ರ ದಯವಿಟ್ಟು ನಿಲ್ಲಿಸಬೇಡಿ, ಅದರಿಂದ ಇಂಗ್ಲಿಷ್ ಕಲಿಕೆಗೆ ಏನೂ ಅಡ್ಡಿಯಿಲ್ಲ.

ರಿಸೆಪ್ಷನ್‌ನಿಂದ ಇಯರ್ 2ರ ವರೆಗೆ ಸರಕಾರಿ ಶಾಲೆಯಲ್ಲಿ ಮಧ್ಯಾಹ್ನದ ಊಟ ಎಲ್ಲರಿಗೂ ಉಚಿತ. ಇಲ್ಲಿ 'ವೆಜಿಟೇರಿಯನ್' ಎಂದರೆ ಮೊಟ್ಟೆಯೂ ಸೇರಿತು. ಮೊಟ್ಟೆ ತಿನ್ನದ ಮನೆಯವರು ಅದನ್ನು ಬೇರೆಯಾಗಿ ಬರೆದುಕೊಡಿ. ಜೆಲ್ಲಿ ಮಿಠಾಯಿಗಳಲ್ಲಿ ಹೆಚ್ಚಾಗಿ ಪ್ರಾಣಿಮೂಲದ ಜೆಲಾಟಿನ್ ಇರುತ್ತದೆ, ಅದನ್ನೂ ಹೇಳಿಡಿ. ಬುತ್ತಿ ಕಳಿಸುವುದಾದರೆ ನೆಲಗಡಲೆ ಚಟ್ನಿ, ಚಿಕ್ಕಿ, ಗೇರುಬೀಜ ಬೇಡ. ಬಹಳಷ್ಟು ಶಾಲೆಗಳಲ್ಲಿ ಬೀಜಗಳಿಗೆ ನಿಷೇಧ ಇದೆ, ಪಕ್ಕದ ಮಗುವಿನ ಅಲರ್ಜಿ ಪ್ರಾಣಕ್ಕೇ ಬರಬಹುದು. ಎಳ್ಳುಂಡೆಗೂ ಮೊದಲೇ ಕೇಳಿ. ಒಣಗಿದ ನೀರುದೋಸೆಯನ್ನು ಮಗು ಮುಟ್ಟದೆ ವಾಪಸ್ ತರುತ್ತದೆ. ಚಪಾತಿ ಸುರುಳಿ, ಚಿತ್ರಾನ್ನ (ಕಡಲೆಬೀಜ ಹಾಕದೆ) ಆಗುತ್ತದೆ.

ಟಿಕೆಟ್ ಅಗ್ಗ ಸಿಕ್ಕಿತೆಂದು ಶಾಲೆ ನಡೆಯುತ್ತಿರುವಾಗ ಊರಿಗೆ ಹೊರಡಬೇಡಿ. ಹತ್ತು ವಾರದೊಳಗೆ ಒಪ್ಪಿಗೆಯಿಲ್ಲದೆ ಐದು ದಿನ ತಪ್ಪಿದರೆ ದಂಡ ಹಾಕಬಹುದು: 21 ದಿನದೊಳಗೆ ಕಟ್ಟಿದರೆ 80 ಪೌಂಡ್, ಅಲ್ಲಿಂದ 28ನೇ ದಿನದ ವರೆಗೆ 160. ಇದು ತಂದೆಗೊಂದು, ತಾಯಿಗೊಂದು, ಪ್ರತಿ ಮಗುವಿಗೂ ಬೇರೆ. ಇಬ್ಬರು ಮಕ್ಕಳಿದ್ದರೆ ಕಡಿಮೆಯೆಂದರೂ 320 ಪೌಂಡ್. ದೀಪಾವಳಿಯಂಥ ಹಬ್ಬದ ದಿನಕ್ಕೆ ಮುಂಚಿತವಾಗಿ ಪತ್ರ ಕೊಟ್ಟರೆ ರಜೆ ಸಿಗುತ್ತದೆ.

ನಮ್ಮ ಕಡೆಯ ಮಳೆ ಕಂಡವರಿಗೆ ಇಲ್ಲಿನ ಜಿಟಿಜಿಟಿ ದೊಡ್ಡದಲ್ಲ, ಆದರೆ ಆ ಮಳೆಯಲ್ಲೇ ಮಕ್ಕಳನ್ನು ಆಟಕ್ಕೆ ಬಿಡುತ್ತಾರೆ. ಕೊಡೆ ಬೇಡ, ಟೊಪ್ಪಿ ಇರುವ ಮಳೆಕೋಟು ಕೊಡಿ, ಒಳಗೆ ಹೆಸರು ಬರೆಯಿರಿ.

ಹುಷಾರಿಲ್ಲದಿದ್ದರೆ ಶಾಲೆ ಶುರುವಾಗುವ ಮೊದಲೇ ಫೋನ್ ಮಾಡಿ ಕಾಯಿಲೆ ಏನೆಂದು ತಿಳಿಸಿ. ವಾಂತಿ ಭೇದಿಯಾದರೆ ಕೊನೆಯ ಸಲ ಆದ ಮೇಲೆ 48 ಗಂಟೆ ಮನೆಯಲ್ಲೇ ಇರಬೇಕು, ಮಗು ಕುಣಿದಾಡುತ್ತಿದ್ದರೂ ಸರಿ.