ಚಿಪ್ಪಿಂಗ್ ಸುತ್ತಿಗೆ ಎತ್ತುವ ಮೊದಲು ಸ್ಕಪ್ಪರ್ ನೋಡಿ

ಹಡಗಿನ ಡೆಕ್ ಮೇಲೆ ಬಿದ್ದದ್ದು ಡೆಕ್ ಮೇಲೇ ಇರುತ್ತೆ ಅಂದುಕೊಳ್ಳಬೇಡಿ. ಎಣ್ಣೆ, ಪೇಂಟ್ ಚಕ್ಕೆ, ಹಗ್ಗದ ನಾರು, ಏನೇ ಇರಲಿ, ಒಂದು ಮಳೆ ಸಾಕು. ಡೆಕ್ ಅಂಚಿನಲ್ಲಿ ನೀರು ಹೊರಹೋಗುವ ಸ್ಕಪ್ಪರ್ ತೂತಿನಿಂದ ಸೀದಾ ಸಮುದ್ರಕ್ಕೆ. ನಾನು ಬೋಸನ್, ಅಂದರೆ ಡೆಕ್ ಕೆಲಸಗಾರರ ಮೇಸ್ತ್ರಿ. ಹೊಸ ಹುಡುಗರು ಬಂದರೆ ಮೊದಲ ದಿನ ತುಕ್ಕು, ಹಳೇ ಪೇಂಟ್ ಬಡಿದು ಕೀಳುವ ಚಿಪ್ಪಿಂಗ್ ಸುತ್ತಿಗೆ ಕೊಡುವುದಿಲ್ಲ. ಸ್ಕಪ್ಪರ್ ಎಷ್ಟಿವೆ, ಎಲ್ಲೆಲ್ಲಿವೆ, ಎಣಿಸಿಕೊಂಡು ಬನ್ನಿ ಎನ್ನುತ್ತೇನೆ.

ಇದಕ್ಕೆ ಕಾರಣ ಇದೆ. ಒಮ್ಮೆ ಬಂದರಿನಲ್ಲಿದ್ದಾಗ ರಾತ್ರಿಯೆಲ್ಲ ಮಳೆ. ನಿಂತ ನೀರು ಬಿಡಲು ಸ್ಕಪ್ಪರ್ ಮುಚ್ಚುವ ಪ್ಲಗ್ ತೆಗೆದೆವು, ಮತ್ತೆ ಹಾಕಲಿಲ್ಲ. ಬೆಳಿಗ್ಗೆ ಹಗ್ಗ ಬಿಗಿ ಮಾಡುವಾಗ ಹಗ್ಗ ಎಳೆಯುವ ಯಂತ್ರದ, ಅಂದರೆ ವಿಂಚಿನ, ಹೈಡ್ರಾಲಿಕ್ ಎಣ್ಣೆಯ ಹೋಸ್ ಒಡೆಯಿತು. ಕೆಳಗಿನ ಟ್ರೇ ತುಂಬಿ, ಎಣ್ಣೆ ಬೆರಳು ಗಾತ್ರದ ಗೆರೆಯಾಗಿ ಹರಿಯುತ್ತಾ ಹೋಗಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಓಡಿ ಚಿಂದಿ ತುರುಕುವಷ್ಟರಲ್ಲಿ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಹರಡಿತ್ತು. ಕೂಡಲೇ ಚೀಫ್ ಆಫೀಸರ್‌ಗೆ ಹೇಳಿದೆವು, ಬಂದರಿಗೂ ತಿಳಿಸಿದರು. ಇಂಥ ಹೊತ್ತಿನಲ್ಲಿ ಮುಚ್ಚಿಡಬಾರದು. ಸೋಪು, ಡಿಟರ್ಜೆಂಟ್ ಸುರಿದು ಪೊರೆ ಮಾಯ ಮಾಡಲೂ ಹೋಗಬಾರದು. ಎಣ್ಣೆ ಹೋಗುವುದಿಲ್ಲ, ಒಡೆದು ನೀರಿನೊಳಗೆ ಸೇರುತ್ತೆ ಅಷ್ಟೇ.

ಆವತ್ತಿನಿಂದ ಪ್ರತಿ ಪ್ಲಗ್ಗನ್ನೂ ಅದರದೇ ತೂತಿನ ಪಕ್ಕ ದಾರದಲ್ಲಿ ಕಟ್ಟಿಡುತ್ತೇನೆ. ಮರದ ಗೂಟಕ್ಕೆ ಬಟ್ಟೆ ಸುತ್ತಿ ಬಡಿದರೆ ಸಾಲದು, ಸೋರುತ್ತೆ. ನಟ್ ತಿರುಗಿಸಿದರೆ ಉಬ್ಬುವ ರಬ್ಬರ್ ಪ್ಲಗ್ ಒಳ್ಳೇದು. ಹಾಕಿದ ಮೇಲೆ ಒಂದು ಬಕೆಟ್ ನೀರು ಸುರಿದು ಹತ್ತು ನಿಮಿಷ ಬಿಟ್ಟು ನೋಡಿ. ಬಂಕರ್, ಅಂದರೆ ಹಡಗಿನ ಇಂಧನ, ತೆಗೆದುಕೊಳ್ಳುವ ದಿನವಂತೂ ಇದನ್ನು ಬಿಡಲೇಬೇಡಿ.

ಈಗ ಚಿಪ್ಪಿಂಗ್. ಸಮುದ್ರ ಶಾಂತವಾಗಿರುವ ದಿನ ಮಾತ್ರ. ಡೆಕ್ ಮೇಲೆ ಅಲೆ ನೀರು ಬರುತ್ತಿದ್ದರೆ ಆ ಕೆಲಸ ನಾಳೆಗೆ ಇಡಿ. ಗಾಳಿ ಯಾವ ಕಡೆಯಿಂದ ಅಂತ ನೋಡಿ. ರೇಲಿಂಗ್ ಪಕ್ಕದ ಕೆಲಸವಾದರೆ ಗಾಳಿ ಹಡಗಿನ ಒಳಗಡೆಗೆ ಬೀಸುವ ಬದಿ ಆರಿಸಿಕೊಳ್ಳಿ. ಆಗ ಚಕ್ಕೆ ಹಾರಿದರೂ ಡೆಕ್ ಮೇಲೇ ಬೀಳುತ್ತೆ. ಕೆಳಗೆ ಕ್ಯಾನ್ವಾಸ್ ಹಾಸಿ, ಅಂಚು ಮಡಚಿ ಮೇಲೆ ಕಟ್ಟಿ. ಹಳೇ ಪೇಂಟಿನಲ್ಲಿ ಸೀಸ ಇರಬಹುದು, ಹಾಗಾಗಿ ಧೂಳಿಗೆ ತಕ್ಕ ಮಾಸ್ಕ್ ಬೇಕೇ ಬೇಕು. ಸೂಜಿಗಳಿಂದ ಬಡಿದು ತುಕ್ಕು ಕೀಳುವ ನೀಡಲ್ ಗನ್ ಹಿಡಿದವರ ಕಿವಿಗೆ ಮಫ್ ಇರಲಿ. ಕೈ ಜೋಮು ಹಿಡಿಯುವ ಮೊದಲೇ ಆಳು ಬದಲಾಯಿಸಿ.

ಗಾಗಲ್ಸ್ ಬಗ್ಗೆ ಒಂದು ಮಾತು. ಯಾರೂ ಹಾಕದೆ ಬರುವುದಿಲ್ಲ, ಬೆವರಿಗೆ ಮಂಜು ಕಟ್ಟಿದಾಗ ಹಣೆ ಮೇಲೆ ಏರಿಸುತ್ತಾರೆ. ಕಣ್ಣಿಗೆ ತುಕ್ಕಿನ ಚೂರು ಬೀಳುವುದು ಆಗಲೇ. ಬಿದ್ದರೆ ಉಜ್ಜಬೇಡಿ. ಐವಾಶ್ ಬಾಟಲಿಯಿಂದ ತೊಳೆಯಿರಿ. ಚುಚ್ಚಿಕೊಂಡಿದ್ದರೆ ಕೀಳಲು ಹೋಗಬೇಡಿ, ಕೂಡಲೇ ಆಫೀಸರ್ ಹತ್ತಿರ ಹೋಗಿ. ಮಂಜು ಕಟ್ಟಿದಾಗ ಸುತ್ತಿಗೆ ಕೆಳಗಿಟ್ಟು ಒರೆಸಿಕೊಂಡರೆ ಯಾರೂ ಬೈಯುವುದಿಲ್ಲ, ನಾನಂತೂ ಬೈಯುವುದಿಲ್ಲ.

ಕೆಲಸ ಮುಗಿದ ಮೇಲೆ ಮೊದಲು ಪೊರಕೆ, ಆಮೇಲೆ ಹೋಸ್. ಹೋಸ್ ಮೊದಲು ಹಿಡಿದರೆ ಬೆಳಿಗ್ಗೆಯಿಂದ ಕಟ್ಟಿದ ಕ್ಯಾನ್ವಾಸ್ ಸುಮ್ನೆ ವೇಸ್ಟ್, ಅಲ್ವಾ? ಪೇಂಟಿನಲ್ಲಿ ಪ್ಲಾಸ್ಟಿಕ್ ತರಹದ ರಾಳ ಇರುತ್ತೆ. ಆ ಚಕ್ಕೆ ನೀರಿನಲ್ಲಿ ಕೊಳೆಯುವುದಿಲ್ಲ, ಚೂರಾಗುತ್ತಾ ಹೋಗುತ್ತೆ. ಗುಡಿಸಿದ್ದನ್ನು ಮುಚ್ಚಳವಿರುವ ಡ್ರಮ್ಮಿಗೆ ಹಾಕಿ ದಡಕ್ಕೆ ಕೊಡಬೇಕು. ಕೊಟ್ಟಿದ್ದು ಗಾರ್ಬೇಜ್ ರೆಕಾರ್ಡ್ ಬುಕ್ಕಿನಲ್ಲಿ ಎಫ್ ವರ್ಗದಡಿ (ಹಡಗಿನ ಕೆಲಸದಲ್ಲಿ ಬರುವ ಕಸ) ಬರೆಯಬೇಕು. 2024ರ ಮೇ ತಿಂಗಳಿಂದ 100 ಗ್ರಾಸ್ ಟನ್ (ಹಡಗಿನ ಗಾತ್ರದ ಅಳತೆ) ಮತ್ತು ಅದಕ್ಕಿಂತ ದೊಡ್ಡ ಹಡಗಿಗೆಲ್ಲ ಈ ಪುಸ್ತಕ ಕಡ್ಡಾಯ, ಮೊದಲು 400 ಇತ್ತು. ಪ್ಲಾಸ್ಟಿಕ್ ಹಗ್ಗದ ತುಂಡೂ ಅಷ್ಟೇ, ಯಾವ ಸಮುದ್ರದಲ್ಲೂ, ಎಷ್ಟು ದೂರದಲ್ಲೂ ಎಸೆಯುವ ಹಾಗಿಲ್ಲ.

ಪೇಂಟ್ ಹಚ್ಚುವ ಮುಂಚೆ ಉಕ್ಕನ್ನು ಸಿಹಿನೀರಿನಲ್ಲಿ ತೊಳೆಯಿರಿ. ಉಪ್ಪು ಉಳಿದರೆ ಪೇಂಟ್ ಗುಳ್ಳೆ ಎದ್ದು ಮತ್ತೆ ಚಿಪ್ಪಿಂಗ್, ಮತ್ತೆ ಚಕ್ಕೆ. ಉಕ್ಕಿನ ಬಿಸಿ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಜಾಸ್ತಿ ಇರಬೇಕು. ಎರಡು ಭಾಗ ಕಲಸಿ ಹಚ್ಚುವ ಎಪಾಕ್ಸಿ ಪೇಂಟನ್ನು ಟ್ರೇ ಒಳಗಿಟ್ಟು, ಗ್ಲೌಸ್ ಹಾಕಿಕೊಂಡು, ಒಂದು ಗಂಟೆಗೆ ಬೇಕಾದಷ್ಟೇ ಕಲಸಿ. ಉಳಿದರೆ ಡಬ್ಬದಲ್ಲೇ ಕಲ್ಲಾಗುತ್ತೆ. ಬ್ರಷ್ ತೊಳೆದ ಥಿನ್ನರ್ ಮುಚ್ಚಿದ ಡಬ್ಬದಲ್ಲಿ ಇರಲಿ, ಎಣ್ಣೆ ಚಿಂದಿ ಬೇರೆ ತಗಡಿನ ಡಬ್ಬದಲ್ಲಿ.

ಎತ್ತರದ ಕೆಲಸಕ್ಕೆ, ಹಡಗಿನ ಹೊರಬದಿಯ ಕೆಲಸಕ್ಕೆ ಪರ್ಮಿಟ್ ಇಲ್ಲದೆ ಹತ್ತಬೇಡಿ, ಇಳಿಯಬೇಡಿ. ಮಾಸ್ಟ್ ಹತ್ತುವುದಾದರೆ ರೇಡಾರ್ ಆಫ್ ಆಗಿದೆಯಾ ಅಂತ ಬ್ರಿಡ್ಜಿನವರನ್ನು, ಅಂದರೆ ಹಡಗು ನಡೆಸುವ ಕೋಣೆಯವರನ್ನು, ಕೇಳಿಯೇ ಹತ್ತಿ. ಲಂಗರಿನ ಸರಪಳಿ ಇಡುವ ಚೈನ್ ಲಾಕರ್‌ನಲ್ಲಿ ತುಕ್ಕೇ ಆಮ್ಲಜನಕ ತಿಂದುಬಿಟ್ಟಿರುತ್ತೆ. ಆಮ್ಲಜನಕದ ಮೀಟರ್ ಶೇಕಡಾ 20.9 ತೋರಿಸದೆ ಒಳಗೆ ತಲೆ ಕೂಡ ಹಾಕಬೇಡಿ. ಒಳಗೆ ಒಬ್ಬ ಬಿದ್ದಿದ್ದರೂ ಒಬ್ಬರೇ ನುಗ್ಗಬೇಡಿ, ಅಲಾರಂ ಕೊಡಿ.

ಇನ್ನು ಸಂಜೆ ಪ್ಲಗ್ ತೆಗೆಯುವ ಹೊತ್ತು. ನಿಂತ ನೀರಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಬೆಳಕಿಗೆ ಓರೆಯಾಗಿ ನೋಡಿ. ತಿಳಿಯಾಗಿದ್ದರೆ ಬಿಡಿ. ಸ್ವಲ್ಪವಾದರೂ ಬಣ್ಣದ ಪೊರೆ ಮಿನುಗಿದರೆ ಪ್ಲಗ್ ಮುಟ್ಟಬೇಡಿ. ಮೊದಲು ಎಣ್ಣೆ ಹೀರುವ ಪ್ಯಾಡ್ ಹಾಕಿ ಹೀರಿಸಿ, ಉಳಿದ ನೀರನ್ನು ಪಂಪಿನಿಂದ ಡ್ರಮ್ಮಿಗೆ ಎತ್ತಿ, ಚೀಫ್ ಆಫೀಸರ್‌ಗೆ ತೋರಿಸಿ.