ಕಲ್ಲುತೋಟದಲ್ಲಿ ಆಲ್ಪೈನ್ ಗಿಡಗಳು: ನನ್ನ ಅನುಭವ

ಮರಗಳು ಬೆಳೆಯಲಾರದಷ್ಟು ಎತ್ತರದಲ್ಲಿ, ತಿಂಗಳುಗಟ್ಟಲೆ ಹಿಮದಡಿ ಬದುಕುವ ಆಲ್ಪೈನ್ ಗಿಡಗಳನ್ನು ಕೊಲ್ಲುವುದು ಚಳಿಯಲ್ಲ, ಬುಡದಲ್ಲಿ ನಿಂತ ನೀರು ಎಂಬುದು ನನಗೆ ಅರಿವಾದದ್ದು ಮೊದಲ ಚಳಿಗಾಲದಲ್ಲಿ ಏಳು ಗಿಡಗಳನ್ನು ಕಳೆದುಕೊಂಡ ಮೇಲೆ. ಮುಟ್ಟಿ ನೋಡಿದಾಗ ಎಲೆಗಳು ಇನ್ನೂ ಹಸಿರಾಗಿದ್ದವು. ಆದರೆ ಬುಡ ಕಂದುಬಣ್ಣಕ್ಕೆ ತಿರುಗಿ, ಬೆರಳು ತಾಗಿದೊಡನೆ ಕಳಚಿ ಬಂತು.

ಮರುವರ್ಷ ಪಾತಿಯನ್ನೇ ಬದಲಿಸಿದೆ. ತಳದಲ್ಲಿ ಸುಮಾರು 15 ಸೆಂ.ಮೀ. ದಪ್ಪಕ್ಕೆ ಇಟ್ಟಿಗೆ ಚೂರು ಹರಡಿ, ಅದರ ಮೇಲೆ ಮಣ್ಣು ಮತ್ತು ಎಲೆಗೊಬ್ಬರ ತಲಾ ಒಂದು ಪಾಲು, ಸಣ್ಣ ಜಲ್ಲಿ ಎರಡು ಪಾಲು ಬೆರೆಸಿ ತುಂಬಿದೆ. ಕಲ್ಲುಗಳನ್ನು ಮೂರನೇ ಒಂದು ಭಾಗ ಹೂತು, ಪದರಗಳೆಲ್ಲ ಒಂದೇ ದಿಕ್ಕಿಗಿರುವಂತೆ, ಮೇಲ್ಮೈ ತುಸು ಹಿಂದಕ್ಕೆ ವಾಲುವಂತೆ ಕೂರಿಸಿದೆ. ಹೀಗೆ ಮಾಡಿದಾಗ ಮಳೆನೀರು ಮುಂದಕ್ಕೆ ಜಾರಿಹೋಗದೆ ಕಲ್ಲಿನ ಹಿಂದೆ ಇಳಿದು, ಬೇಸಿಗೆಯಲ್ಲೂ ತಂಪಾಗಿರುವ ಸಂದುಗಳಲ್ಲಿನ ಬೇರುಗಳಿಗೆ ದಕ್ಕುತ್ತದೆ.

ನೆಡುವ ಮುನ್ನ ಕುಂಡದ ಮಣ್ಣನ್ನು ಬೇರುಗಳಿಂದ ಮೃದುವಾಗಿ ತೊಳೆದು ತೆಗೆಯುವುದನ್ನು ಎಂದೂ ಬಿಡುವುದಿಲ್ಲ, ಏಕೆಂದರೆ ನೀರು ಹೀರಿ ಹಿಡಿದಿಡುವ ಆ ಮುದ್ದೆಯನ್ನು ಹಾಗೆಯೇ ಇಟ್ಟರೆ, ಸುತ್ತಲೂ ಎಷ್ಟೇ ಜಲ್ಲಿ ಇದ್ದರೂ ಬೇರು ಕೆಸರಿನಲ್ಲಿಯೇ ಉಳಿಯುತ್ತದೆ. ಕೊನೆಗೆ ಗಿಡದ ಕುತ್ತಿಗೆಯ ಸುತ್ತ ಎರಡು ಸೆಂ.ಮೀ. ಜಲ್ಲಿ ಹರಡುತ್ತೇನೆ.

ಈಗ ಅತ್ಯಂತ ಸಂತೋಷ ಕೊಡುತ್ತಿರುವುದು ಸ್ಯಾಕ್ಸಿಫ್ರಾಗ ಪ್ಯಾನಿಕ್ಯುಲಾಟ. ಬಗ್ಗಿ ನೋಡಿದರೆ ಅದರ ಎಲೆಯಂಚಿನುದ್ದಕ್ಕೂ ಬಿಳಿಯ ಚುಕ್ಕೆಗಳ ಸಾಲು ಕಾಣುತ್ತದೆ. ಎಲೆಯ ಸೂಕ್ಷ್ಮ ರಂಧ್ರಗಳಿಂದ ಒಸರಿದ ನೀರು ಆರಿದಾಗ ಉಳಿಯುವ ಸುಣ್ಣವದು. ಮೆತ್ತೆಯಂತೆ ಹರಡುವ ಸೈಲೀನ್ ಅಕಾಲಿಸ್ ಬಲು ನಿಧಾನ, ಆದರೂ ಅದಕ್ಕೆ ಗೊಬ್ಬರ ಹಾಕುವುದಿಲ್ಲ. ಹಾಕಿದರೆ ಮೆತ್ತೆ ಸಡಿಲಗೊಂಡು ಕೊಳೆಯುತ್ತದೆ.

ಬೆಟ್ಟದಿಂದ ಗಿಡ ಕಿತ್ತು ತರುವುದು ಸಲ್ಲದೆಂಬುದು ನನ್ನ ದೃಢ ನಿಲುವು. ಆ ಬೇರುಗಳು ಬಂಡೆಯಾಳಕ್ಕೆ ಇಳಿದಿರುವುದರಿಂದ ಕಿತ್ತ ಗಿಡ ಬದುಕುವುದೂ ಅಪರೂಪ. ತೋಟದಲ್ಲಿ ಬೆಳೆದ ಗಿಡಗಳ ಬೀಜವನ್ನೇ ಬಿತ್ತುತ್ತೇನೆ. ಜೆನ್ಷಿಯನ್‌ನಂಥವುಗಳ ಬೀಜಕ್ಕೆ ಮೊಳೆಯುವ ಮುನ್ನ ಕೆಲವು ವಾರ ತೇವದೊಡನೆ ಚಳಿಯೂ ಬೇಕು, ಆದ್ದರಿಂದ ಕುಂಡಗಳನ್ನು ಚಳಿಗಾಲವಿಡೀ ಹೊರಗೇ ಇಡುತ್ತೇನೆ. ಕೆಲವು ಒಂದು ವರ್ಷ ಸುಮ್ಮನಿದ್ದು ಮರುವರ್ಷ ಮೊಳೆಯುವುದುಂಟು. ಹೀಗಾಗಿ ಬರಿದಾಗಿ ಕಾಣುವ ಕುಂಡವನ್ನೂ ಎರಡನೆಯ ವಸಂತ ಕಳೆಯುವವರೆಗೆ ಚೆಲ್ಲುವುದಿಲ್ಲ.